ಅವ್ವನ ಐದನೆಯ ಸೂಜಿ

ಅವ್ವಾ,

ನೀನು ಗಾಢ ನಿದ್ದೆಯಲ್ಲಿದ್ದೆ, ಎಬ್ಬಿಸದೆ ಮಸ್ಕಿ ಬಸ್ಸಿಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಬಿಸಿ ಮಾಡಿಕೋ.

ನಿನ್ನೆಗೆ ಐದೂ ಸೂಜಿ ಮುಗಿದವು. ಗೆದ್ದೆವು!

ಪೇರಲ ಗಿಡದ ಬಲೆಗೆ ಸಿಕ್ಕ ಬಾವಲಿಯನ್ನು ಬಿಡಿಸುವಾಗ ಅದು ನಿನ್ನ ಕೈ ಕಚ್ಚಿದ ದಿನ, "ಇಷ್ಟಕ್ಕ ದವಾಖಾನಿ ಯಾಕ ಬೇ? ಅರಿಶಿಣ ಹಚ್ಚಿದ್ರ ಆತು" ಎಂದು ನೀನು ರೇಗಿದ್ದೆ. ಬಾವಲಿ ಕಚ್ಚಿದರೂ ಹುಚ್ಚುನಾಯಿ ರೋಗ ಬರಬಹುದು, ಬಂದರೆ ಉಳಿಗಾಲವಿಲ್ಲ ಎಂದು, ನೀನು ಹೆದರಬಾರದೆಂದು, ನಾನು ಬಾಯಿಬಿಡಲಿಲ್ಲ. ಕಾಲು ಗಂಟೆ ಸಾಬೂನು ಹಚ್ಚಿ ಕೈ ತೊಳೆಸಿ, ಲಿಂಗಸುಗೂರಿಗೆ ಎಳೆದುಕೊಂಡೇ ಹೋದೆ.

ಇನ್ನು ಬಾವಲಿಯನ್ನು ಬರಿಗೈಲಿ ಮುಟ್ಟಬೇಡ.

ನಿನ್ನೆ ನೀನೇ ತೋಳು ಚಾಚಿ, "ಚುಚ್ಚವ್ವ, ನಮ್ಮ ಓಣ್ಯಾಗ ಯಾರಿಗೆ ಕಚ್ಚಿದ್ರೂ ನಾನ ಕರ್ಕೊಂಡು ಬರ್ತೀನಿ" ಎಂದಾಗ, ನರ್ಸಮ್ಮನ ಎದುರೇ ನಿನ್ನನ್ನು ಅಪ್ಪಿಕೊಳ್ಳಬೇಕೆನಿಸಿತು. ಸಂಜೆ ಬಂದು ಅಪ್ಪಿಕೊಳ್ಳುತ್ತೇನೆ.

ಸುಕನ್ಯಾ