ಟಿ ಎಂದರೆ ಟಿಬಿಯಲ್ಲ

ಶಹಾಪುರ

ಕಕ್ಕೇರಾದ ಗೊಲ್ಲಾಳಮ್ಮ ಅತ್ತೆಯವರಿಗೆ,

ನಮಸ್ಕಾರ ಬರೆಯಲು ಕೈ ಏಳುತ್ತಿಲ್ಲ, ಬರೆದಿದ್ದೇನೆಂದೇ ತಿಳಿದುಕೊಳ್ಳಿ. ಫೋನ್ ಮಾಡಿದರೆ ಕಟ್ ಮಾಡುತ್ತೀರಿ, ಅದಕ್ಕೇ ಈ ಪತ್ರ. ನಿಮಗೆ ಓದಲು ಬಾರದು, ನಿಮ್ಮ ಮಗನೇ ಓದಿ ಹೇಳಬೇಕು. ಒಂದಕ್ಷರವನ್ನೂ ನುಂಗದೆ ಓದಲಿ.

ನನ್ನ ವಸಡಿನಿಂದ ರಕ್ತ ನಿಲ್ಲದಾದಾಗ ನಾನು, ನೀವು, ನಿಮ್ಮ ಮಗ ಮೂವರೂ ಕಲಬುರಗಿಗೆ ಹೋದೆವು. ಡಾಕ್ಟರು ರಿಪೋರ್ಟ್ ನೋಡಿ, ಇದು ಟಿ ಕಣಗಳ ಗಲಾಟೆ ಎಂದರು. ಬಾಗಿಲ ಹತ್ತಿರ ನಿಂತಿದ್ದ ನೀವು ಅಷ್ಟನ್ನೇ ಕೇಳಿಸಿಕೊಂಡಿರಿ. ಹಾವಿಗೂ ಹುಳ ಎನ್ನುವವರು ನೀವು, ಕೆಟ್ಟದ್ದರ ಹೆಸರನ್ನು ಪೂರಾ ಹೇಳುವುದಿಲ್ಲ. ಡಾಕ್ಟರೂ ನಿಮ್ಮ ಹಾಗೇ ಎಂದುಕೊಂಡು ಬಸ್ಸಿನಲ್ಲೇ ಶುರು ಮಾಡಿದಿರಿ: "ಟಿ ಅಂದ್ರ ಟಿಬಿನ ಐತಿ. ಪಾಪ, ದೊಡ್ಡ ಮನಷ್ಯಾ, ಅರ್ಧಾ ಹೇಳಿ ಬಿಟ್ಟಾನ."

ಮನೆ ಮುಟ್ಟಿದ್ದೇ ನನ್ನ ತಾಟು ಬೇರೆಯಾಯಿತು, ಹಾಸಿಗೆ ಕೊಟ್ಟಿಗೆಗೆ ಹೋಯಿತು. ವಾರದೊಳಗೆ ನನ್ನನ್ನು ತವರಿಗೆ ಅಟ್ಟಿದಿರಿ. ಮಗಳು ಅನ್ನಮ್ಮನನ್ನು ಮಾತ್ರ ಇಟ್ಟುಕೊಂಡಿರಿ.

ಈಗ ಪೂರ್ತಿ ಕೇಳಿ. ಟಿ ಕಣಗಳು ಎಲ್ಲರ ರಕ್ತದಲ್ಲೂ ಇವೆ, ನಿಮ್ಮದರಲ್ಲೂ. ಮೈಯ ಕಾವಲು ಅವುಗಳ ಕೆಲಸ. ಕೆಲವು ರೋಗದ ಮೇಲೆ ಬೀಳುತ್ತವೆ, ಉಳಿದ ಕಣಗಳನ್ನೂ ಎತ್ತಿಕಟ್ಟುತ್ತವೆ. ಇನ್ನು ಕೆಲವು, ಇವರು ನಮ್ಮವರೇ ಬಿಡಿ ಎಂದು ತಡೆಯುತ್ತವೆ. ನನ್ನಲ್ಲಿ ಈ ತಡೆಯುವವು ಸೋತಿವೆ. ಹಾಗಾಗಿ ರಕ್ತ ಸೋರದಂತೆ ಕಾಯುವ ಪ್ಲೇಟ್‌ಲೆಟ್‌ಗಳನ್ನೇ ಮೈ ಹಗೆಯೆಂದು ಕೊಲ್ಲುತ್ತಿದೆ. ಇದು ಯಾರಿಗೂ ಅಂಟುವುದಿಲ್ಲ. ಅಂಟುವುದಾಗಿದ್ದರೆ ಮೊದಲು ನಿಮಗೇ ಅಂಟಲಿ ಎನ್ನುತ್ತಿದ್ದೆ.

ನಿಮ್ಮ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಇದನ್ನು ಓದುತ್ತಿರುವವರ ಮೇಲಿದೆ. ಕಾಲುವೆ ಕಾಯುವುದು ಅವರ ಕೆಲಸ; ಗೇಟಿನ ಮೇಲೆ ನಿಂತು, ಸರದಿ ತಪ್ಪಿಸಿ ನೀರು ತಿರುಗಿಸಲು ಬಂದವರನ್ನೆಲ್ಲ ಗದರಿಸಿ ಕಳಿಸುತ್ತಾರೆ. ಡಾಕ್ಟರ ಮಾತನ್ನು ಪೂರಾ ಕೇಳಿದವರೂ ಅವರೇ. ನೀವು ನನ್ನ ತಾಟು ಬೇರೆ ಇಟ್ಟಾಗ "ಯವ್ವಾ, ಸುಮ್ನಿರು" ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಓದಿ, ನಿಲ್ಲಿಸಬೇಡಿ.

ಹೋದ ವಾರ ಫೋನನ್ನು ಅನ್ನಮ್ಮನೇ ಎತ್ತಿದಳು. "ಯವ್ವಾ, ನಿನ್ನ ಮುಟ್ಟಿದ್ರ ನಾ ಸಾಯ್ತೀನಂತ, ಆಯಿ ಹೇಳ್ಯಾಳ. ಖರೇ ಏನು?" ಎಂದಳು. ಇನ್ನೂ ಶಾಲೆ ಕಾಣದ ಕೂಸಿಗೆ ಅಜ್ಜಿ ಹೇಳುವ ಮಾತೇ ಇದು? ಇದನ್ನು ನಾನು ಕ್ಷಮಿಸುವುದಿಲ್ಲ.

ಸೋಮವಾರ ಬರುತ್ತೇನೆ. ಹೊಸ್ತಿಲಲ್ಲೇ ಮಗಳನ್ನು ಎತ್ತಿಕೊಂಡು ಹೊರಡುತ್ತೇನೆ. ಅಡ್ಡ ಬರುವುದಾದರೆ ಬನ್ನಿ, ತೋಳು ಹಿಡಿದು ಎಳೆಯಿರಿ. ಈಗ ನನ್ನ ಮೈ ಹೇಗಿದೆಯೆಂದರೆ, ತುಸು ಒತ್ತಿ ಹಿಡಿದರೂ ಹಿಡಿದವರ ಬೆರಳ ಗುರುತುಗಳು ಒಂದೊಂದಾಗಿ ನೀಲಿಯಾಗಿ ಮೂಡುತ್ತವೆ. ಅವು ಯಾರ ಬೆರಳೆಂದು ನಿಮ್ಮ ಮೊಮ್ಮಗಳೇ ನೋಡಿ ತಿಳಿದುಕೊಳ್ಳುತ್ತಾಳೆ.

ನೂರು ಕಾಲ ಬಾಳಿ, ಅತ್ತೆ. ಅವಳು ದೊಡ್ಡವಳಾಗುವುದನ್ನು ದೂರದಿಂದ ನೋಡಿ.

ಇಂತಿ,
ಅನ್ನಮ್ಮನ ತಾಯಿ
ಕಲ್ಯಾಣಮ್ಮ