ತಿದ್ದದೆ ಇಟ್ಟ ಫೋಟೋ

ಮುದ್ದಿನ ಗುಬ್ಬಿ,

ಹೊಸ ಕೆಲಸದ ಗುರುತಿನ ಚೀಟಿಗೆಂದು ನೀನು ಮೊಬೈಲಿನಲ್ಲಿ ಕಳಿಸಿದ ಫೋಟೋ ಬಂತು. ಕಣ್ಣ ಕೆಳಗಿನ ಕಪ್ಪು ತೆಗೆದು, ಕಣ್ಣನ್ನೂ ಒಂಚೂರು ಬೆಳ್ಳಗೆ ಮಾಡು ಎಂದು ಬರೆದಿದ್ದೀಯ. ಅಕ್ಕ ಸ್ಟುಡಿಯೋ ಇಟ್ಟುಕೊಂಡಿರುವುದೇ ತಂಗಿಯ ಚಾಕರಿಗೆ ಎಂದು ನಿನ್ನ ನಂಬಿಕೆ. ಈ ಸಲ ಮಾತ್ರ ನೀನು ಹೇಳಿದ್ದನ್ನೆಲ್ಲ ಮಾಡಿಲ್ಲ. ಯಾಕೆ ಎಂದು ಫೋನಿನಲ್ಲಿ ಹೇಳಿದರೆ ಆಯ್ತು ಬಿಡೇ ಎಂದು ಇಟ್ಟುಬಿಡುತ್ತೀಯ. ಪತ್ರವಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಅಪ್ಪ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸುವಾಗ ಹೇಳುತ್ತಿದ್ದದ್ದು ನೆನಪಿದೆಯಾ? "ಮೊಡವೆ ತೆಗೀರಿ, ಕಲೆ ತೆಗೀರಿ. ಕಣ್ಣು ಮಾತ್ರ ಮುಟ್ಟಬೇಡಿ." ಕಣ್ಣು ತಿದ್ದಿದರೆ ಫೋಟೋದಲ್ಲಿ ಬೇರೆ ಯಾರೋ ಬಂದು ಕೂರುತ್ತಾರೆ ಎನ್ನುವುದು ಅವರ ವಾದ. ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಹೋದ ವರ್ಷ ಲೈಸೆನ್ಸಿಗೆಂದು ನನ್ನದೇ ಫೋಟೋ ತೆಗೆದುಕೊಂಡೆನಲ್ಲ, ಪ್ರಿಂಟಿನಲ್ಲಿ ಕಣ್ಣು ಹಳದಿ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು ಮೊದಲು ಬಲ್ಬು ಬದಲಿಸಿದೆ, ಆಮೇಲೆ ಪ್ರಿಂಟರನ್ನು ಬೈದೆ. ಇಂಕು ಮಾರುವವನಿಗೆ ಮಾಡಿದ ಮಂಗಳಾರತಿಗೆ ಪಾಪ, ಅವನು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ. ಕೊನೆಗೆ ನಿನ್ನ ಭಾವ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು, "ಹಿಂದಿನ ಪರದೆ ಬೆಳ್ಳಗೇ ಇದೆಯಲ್ಲೇ. ಲೈಟ್ ಕೆಟ್ಟಿದ್ರೆ ಅದೂ ಹಳದಿ ಆಗ್ಬೇಕಿತ್ತು" ಅಂದರು. ದಿನವಿಡೀ ಬಣ್ಣ ನೋಡುವ ನನಗೆ ಅಷ್ಟು ಹೊಳೆಯಲಿಲ್ಲ.

ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ನೋಡಿ, ಥೈರಾಯ್ಡ್ ಇದೆಯಾ ಎಂದು ಕೇಳಿದರು. ಅದು ನನ್ನ ಹಳೆಯ ಬಾಡಿಗೆದಾರ, ಖಾಲಿ ಮಾಡುವ ಪೈಕಿ ಅಲ್ಲ ಎಂದೆ. ಅವರು ನಕ್ಕು ವಿವರಿಸಿದರು. ರೋಗದಿಂದ ಕಾಯಬೇಕಾದ ದೇಹದ ಕಾವಲೇ ತಿರುಗಿಬಿದ್ದು ಮೊದಲು ಥೈರಾಯ್ಡಿಗೆ ಬಾಯಿ ಹಾಕಿತ್ತು, ಈಗ ಲಿವರಿಗೂ ಹಾಕಿದೆಯಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಇಂಥ ಕಾಯಿಲೆಗಳು ಎಷ್ಟೋ ಸಲ ಜೊತೆಜೊತೆಗೇ ಬರುತ್ತವೆ, ಒಡಹುಟ್ಟಿದವರಲ್ಲೂ ಕಾಣಿಸಿಕೊಳ್ಳಬಹುದು ಎಂದರು.

ಮಾತ್ರೆ ನುಂಗಿದೆ. ಆ ಮಾತ್ರೆಯ ಗುಣವೇ ಹಾಗಂತೆ, ಹಸಿವೆಂದರೆ ಹಸಿವು, ಡಬ್ಬಿಯಲ್ಲಿದ್ದ ಬಿಸ್ಕೆಟ್ಟಿಗೆ ಉಳಿಗಾಲವಿರಲಿಲ್ಲ. ಕೆನ್ನೆ ಗುಂಡಾಗಿ ಉಬ್ಬಿದಾಗ ನಿನ್ನ ಭಾವ, ಇನ್ನು ನಿನ್ನ ಮುಖಕ್ಕೆ ಎತ್ತಲಿಂದ ಲೈಟ್ ಹಾಕಿದರೂ ನಡೆಯುತ್ತದೆ ಎಂದು ಖುಷಿಪಟ್ಟರು. ಈಗ ರಿಪೋರ್ಟು ಚೆನ್ನಾಗಿದೆ. ಮಾತ್ರೆ ಕಡಿಮೆಯಾಗಿದೆ, ಕೆನ್ನೆ ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ಇದನ್ನೆಲ್ಲ ಯಾಕೆ ಕೊರೆಯುತ್ತಿದ್ದೇನೆಂದರೆ, ನಿನ್ನ ಫೋಟೋದಲ್ಲಿ ಅಂಗಿಯ ಕಾಲರು ಹಾಲಿನಷ್ಟು ಬೆಳ್ಳಗಿದೆ. ಕಣ್ಣು ಬೆಳ್ಳಗಿಲ್ಲ. ನನಗೆ ಹೆದರಿಕೆಯಾಯಿತು ಗುಬ್ಬಿ. ಥೈರಾಯ್ಡ್ ನಿನಗೂ ಇದೆ. ಕಣ್ಣು ಒಣಗುತ್ತದೆಂದು ಡ್ರಾಪ್ಸ್ ಹಾಕುತ್ತೀಯ. ಮೈ ತುರಿಕೆಗೆ ಸೋಪು ಬದಲಿಸುತ್ತಲೇ ಇದ್ದೀಯ. ಲಿವರ್ ಕೆಟ್ಟರೂ ಮೈ ತುರಿಸುತ್ತದಂತೆ. ನಾನು ಬಲ್ಬು ಬದಲಿಸಿದೆ, ನೀನು ಸೋಪು. ಒಂದೇ ತಾಯಿಯ ಮಕ್ಕಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಿನಗೂ ನನ್ನದೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಬೇರೆ ಏನೋ ಇರಬಹುದು, ಹೇಳಲು ನಾನು ಡಾಕ್ಟರಲ್ಲ. ಆದರೆ ಹಳದಿಯನ್ನು ಹಳದಿ ಎನ್ನಲು ನನಗೆ ಬರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ನೋಡೋಣ ಎಂಬ ರಾಗ ಎಳೆಯಬೇಡ. ನಾಳೆಯೇ ಹೋಗಿ ರಕ್ತ ಕೊಡು.

ಈ ಪತ್ರದ ಜೊತೆ ಒಂದು ಪ್ರಿಂಟ್ ಇಟ್ಟಿದ್ದೇನೆ, ತಿದ್ದದೆ. ಅದು ಆಫೀಸಿಗಲ್ಲ, ಡಾಕ್ಟರಿಗೆ. ಆಫೀಸಿನದು ನನ್ನ ಡ್ರಾಯರಿನಲ್ಲಿದೆ. ರಕ್ತ ಕೊಟ್ಟು ಬಂದೆ ಅಕ್ಕ ಎಂದು ನಿನ್ನ ಬಾಯಲ್ಲಿ ಕೇಳಿದ ಕೂಡಲೇ ಕಳಿಸುತ್ತೇನೆ. ಕಣ್ಣ ಕೆಳಗಿನ ಕಪ್ಪು ತೆಗೆದಿದ್ದೇನೆ. ಕಣ್ಣು ಮುಟ್ಟಿಲ್ಲ.

ಅದು ತಾನಾಗಿಯೇ ಬೆಳ್ಳಗಾಗಲಿ. ಆ ದಿನ ಬಾ, ಸ್ಟೂಲು ಒರೆಸಿ ಇಟ್ಟಿರುತ್ತೇನೆ, ಇನ್ನೊಂದು ಫೋಟೋ ತೆಗೆಯೋಣ. ನೂರು ಕಾಲ ನನ್ನನ್ನು ಗೋಳು ಹೊಯ್ದುಕೊಂಡು ಚೆನ್ನಾಗಿ ಬಾಳು.

ನಿನ್ನ ಗುಂಡು ಕೆನ್ನೆಯ
ಅಕ್ಕ