ಸೆರಗಿಗೆ ಬಿದ್ದ ಸೌದೆಹುಳು

ಮಠ, ಅಜ್ಜಂಪುರ ಸೀಮೆ
೧೮-೮-೧೯೭೮

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ನೀನು ಹರಕೆ ತೀರಿಸಲು ಕಾಲೇಜು ಬಿಡಿಸಿ ಇಲ್ಲಿ ಬಿಟ್ಟು ಹೋದಾಗಿನಿಂದ ಅಡುಗೆಯ ತೀರ್ಥಪ್ಪ ತುಪ್ಪ ಸುರಿಯುತ್ತಲೇ ಇದ್ದಾನೆ. ಮುಂದಿನ ತಿಂಗಳು ಪಟ್ಟ ಕಟ್ಟುವಾಗ ಹೊಸ ಸ್ವಾಮಿ ಸೊರಗಿದ್ದಾನೆ ಅನ್ನಿಸಿಕೊಳ್ಳಬಾರದಂತೆ.

ಸೌದೆಹುಳುಗಳ ವಿಷಯ ಕೇಳು. ಮೈಸುತ್ತ ಕಡ್ಡಿಗಳನ್ನು ನೂಲಿನಿಂದ ಬಿಗಿದುಕೊಂಡು, ಆ ಗೂಡನ್ನೇ ಹೊತ್ತು ತಿರುಗುತ್ತದಲ್ಲ, ಅದೇ. ಹಿತ್ತಲ ಜಾಲಿಮರದಿಂದ ತಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಕಿದೆ. ಬಾಯಿಗೆ ಕಟ್ಟಿದ್ದು ಹಳೆಯ ಕಾವಿ ಬಟ್ಟೆ, ಗುರುಗಳ ಕಿವಿಗೆ ಹಾಕಬೇಡ. ಬರೀ ಗೂಡು ನೋಡಿ ಜಾತಿ ಹೇಳಲಾಗದು, ಗಂಡು ಚಿಟ್ಟೆ ಹೊರಬಂದರೆ ಕಳಿಸು, ರೆಕ್ಕೆ ನೋಡಿ ಹೇಳುತ್ತೇನೆ ಎಂದು ಕಡೂರಿನ ಓಂಕಾರಮೂರ್ತಿ ಮೇಷ್ಟ್ರು ಬರೆದಿದ್ದರು. ಹೆಣ್ಣಿಗೆ ರೆಕ್ಕೆಯೇ ಮೂಡುವುದಿಲ್ಲವಂತೆ. ಸಾಕಿದ್ದರಲ್ಲಿ ಒಂದೇ ಒಂದು ಕೋಶವಾಗಿ, ಇನ್ನೇನು ಚಿಟ್ಟೆ ಬರಬೇಕಿತ್ತು.

ಸೋಮವಾರ ಅದನ್ನು ಅಂಗೈ ಮೇಲಿಟ್ಟುಕೊಂಡು ಜಗುಲಿಯಲ್ಲಿ ನೋಡುತ್ತಿದ್ದೆ. ಬುಕ್ಕಾಂಬುಧಿಯ ಹುಲಿಗೆಮ್ಮ, ಜ್ವರದ ಮೊಮ್ಮಗನನ್ನು ಎತ್ತಿಕೊಂಡು ಬಂದವಳು, ಮುಂದೆ ಮಂಡಿಯೂರಿ ಸೆರಗೊಡ್ಡಿದಳು. ಏಳಿಸಲು ಕೈ ಚಾಚಿದೆ, ಗೂಡು ಸೆರಗಿಗೆ ಬಿತ್ತು. "ಬುದ್ಧಿ ಕೊಟ್ರು, ನಮ್ ಕೂಸು ಉಳ್ಕಂತು" ಎಂದು ಕಣ್ಣಿಗೊತ್ತಿಕೊಂಡು, ಕೆಂಪು ದಾರ ಸುತ್ತಿ ಅವನ ಕೊರಳಿಗೆ ಕಟ್ಟಿದಳು. ಅದು ಹುಳ ಕಣಮ್ಮ, ಕೊಡು ಅನ್ನಲು ಬಾಯಿ ಬರಲಿಲ್ಲ. ಡಾಕ್ಟರಿಗೆ ತೋರಿಸು ಅಂದರೆ "ಇನ್ಯಾಕೆ ಬುದ್ಧಿ ಡಾಕ್ಟ್ರು" ಎಂದು ನಕ್ಕಳು. ತೀರ್ಥಪ್ಪನನ್ನು ಜೊತೆಗೆ ಅಟ್ಟಿ ಆಸ್ಪತ್ರೆಗೆ ಕಳಿಸಿದೆ. ಸೂಜಿ ಹಾಕಿದರು, ಜ್ವರ ಬಿಟ್ಟಿತು, ಹೆಸರು ಬಂದದ್ದು ನನಗೆ. ಈಗ ಜಾಲಿಮರದಲ್ಲಿ ಒಂದು ಗೂಡನ್ನೂ ಜನ ಉಳಿಸಿಲ್ಲ.

ನನಗೆ ಇಲ್ಲಿ ಉಸಿರು ಕಟ್ಟುತ್ತಿದೆ ಅಮ್ಮಾ. ಕೈಯಿಂದ ಬಿದ್ದದ್ದೆಲ್ಲ ಪ್ರಸಾದವಾದರೆ ನಾನು ಹುಳುವನ್ನು ಹುಳುವೆಂದು ನೋಡುವುದು ಯಾವಾಗ? ಹೆದರಿಕೆಯೂ ಆಗಿದೆ. ಇನ್ನೊಂದು ಮಗುವಿನ ಹಿಂದೆ ತೀರ್ಥಪ್ಪ ಹೋಗದಿದ್ದರೆ?

ಇಲ್ಲಿ ಎಲ್ಲರಿಗೂ ಆಶೀರ್ವಾದ ಬರೆಯುವುದನ್ನು ಕಲಿಸುತ್ತಿದ್ದಾರೆ. ನಿನಗೆ, ಅಪ್ಪನಿಗೆ ನಮಸ್ಕಾರವೇ.

ನಿನ್ನ ಮಗ,
ಜಯದೇವ

ತಾ.ಕ.: ಅಂಚೆಯವನು ಹೊರಟು ನಿಂತಿದ್ದಾನೆ. ಪಟ್ಟದ ಬೆಳಿಗ್ಗೆ ಗುರುಗಳು ಸಭೆಯೆದುರು "ಮಗನ್ನ ಕೊಟ್ಟೆಯಾ ತಾಯಿ" ಎಂದು ಕೇಳುತ್ತಾರೆ. ನೀನು ಬಾಯಿಬಿಟ್ಟು ಕೊಟ್ಟೆ ಅನ್ನದೆ ಪಟ್ಟವಿಲ್ಲ. ಇಲ್ಲ ಅನ್ನುವುದು ನಿನ್ನಿಂದಾಗದು, ಬಲ್ಲೆ. ಸುಮ್ಮನೆ ನಿಂತುಬಿಡಮ್ಮ.